ಮುಪ್ಪಿನ ಬಾಗಿಲಿಗೆ ಹೋದ ಧರ್ಮ

ಫ್ರಾನ್ಸಿನ ಸಾಂ ಸೆರ್ವಾಂ ಎಂಬ ಕಡಲ ದಡದ ಊರಿನಲ್ಲಿ, 1839ರ ಚಳಿಗಾಲದಲ್ಲಿ, ಜಾನ್ ಜ್ಯುಗಾನ್ ಎಂಬ ಬಡ ಹೆಂಗಸು ದಿಕ್ಕಿಲ್ಲದ ಕುರುಡು ಮುದುಕಿಯೊಬ್ಬಳನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಮುಂದೆ ಅದೇ 'ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್' ಎಂಬ ಸನ್ಯಾಸಿನಿಯರ ಸಂಘವಾಯಿತು. ಶಾಶ್ವತ ವರಮಾನ ಇಟ್ಟುಕೊಳ್ಳದೆ, ಬುಟ್ಟಿ ಹಿಡಿದು ಬೇಡಿ ತಂದದ್ದರಲ್ಲಿ ಮುದುಕರನ್ನು ಸಾಕುವುದು ಅವರ ಪದ್ಧತಿ. 1882ರಲ್ಲಿ ಕಲ್ಕತ್ತೆಗೆ ಬಂದವರು 1900ರಲ್ಲಿ ಬೆಂಗಳೂರಿಗೂ ಬಂದು ಹೊಸೂರು ರಸ್ತೆಯಲ್ಲಿ ವೃದ್ಧಾಶ್ರಮ ತೆರೆದರು. ಸಂಘ ಕಟ್ಟಿದ ಜ್ಯುಗಾನಳನ್ನು ಮಾತ್ರ ಪಾದ್ರಿಯೊಬ್ಬ ಹಿರಿತನದಿಂದ ಇಳಿಸಿ, ಸ್ಥಾಪಕ ತಾನೇ ಎಂದು ಮೆರೆದ. ಆಕೆ ಸತ್ತು 130 ವರ್ಷವಾದ ಮೇಲೆ, 2009ರಲ್ಲಿ, ಚರ್ಚು ಸಂತಪದವಿ ಕೊಟ್ಟಿತು. ಮುದುಕರ ಸೇವೆಯ ಚರಿತ್ರೆಯಲ್ಲಿ ಹೆಂಗಸರ ದುಡಿಮೆ ಗಂಡಸರ ಲೆಕ್ಕಕ್ಕೆ ಹೋದದ್ದು ಇದೊಂದೇ ಸಲವಲ್ಲ.

ಆ ಕಾಲದ ಸೇವೆಯೆಂದರೆ ಅನ್ನ, ಹಾಸಿಗೆ, ಕೊನೆಗಾಲದ ಪ್ರಾರ್ಥನೆ. ಮುದುಕರ ಮನಸ್ಸಿನಲ್ಲಿ ಏನಿದೆಯೆಂದು ವಿಚಾರಿಸುವುದು ಶಾಸ್ತ್ರವಾಗಿ ಬೆಳೆದದ್ದು ತೀರ ಈಚೆಗೆ. ಲಂಡನ್ನಿನಲ್ಲಿ 1967ರಲ್ಲಿ ಸಾವಿನಂಚಿನಲ್ಲಿರುವವರ ಆರೈಕೆಗೆ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್, ಸಾಯುವವರ ನೋವಿನಲ್ಲಿ ಮೈ, ಮನಸ್ಸು, ಸಂಸಾರದ ಜೊತೆಗೆ ಆತ್ಮದ ಪಾಲೂ ಇದೆ ಎಂದರು. ಅಮೆರಿಕದಲ್ಲಿ ಸಮಾಜಶಾಸ್ತ್ರಜ್ಞ ಡೇವಿಡ್ ಮೋಬರ್ಗ್ 1971ರ ಶ್ವೇತಭವನದ ವೃದ್ಧಾಪ್ಯ ಸಮ್ಮೇಳನಕ್ಕಾಗಿ ಆಧ್ಯಾತ್ಮಿಕ ಕ್ಷೇಮದ ಬಗ್ಗೆ ಪ್ರಬಂಧ ಬರೆದರು. ಪಿಂಚಣಿ, ಆಸ್ಪತ್ರೆಗಳ ಸಾಲಿಗೆ ಈ ವಿಷಯವೂ ಸೇರಿತು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಮರುವರ್ಷ ಕ್ಯಾನ್ಸಸ್ ಸಿಟಿಯಲ್ಲಿ ನಡೆದದ್ದು. ಎಲ್ಬರ್ಟ್ ಕೋಲ್ ಎಂಬ ಮೆಥಡಿಸ್ಟ್ ಪಾದ್ರಿ, ವೃದ್ಧಾಶ್ರಮ ಕಟ್ಟುವ ಬದಲು ಮುದುಕರು ತಮ್ಮ ಮನೆಯಲ್ಲೇ ಇರಲು ಏನು ಬೇಕು ಎಂದು ಯೋಚಿಸಿದರು. ಹಾಗೆ ಹುಟ್ಟಿದ 'ಶೆಪರ್ಡ್ಸ್ ಸೆಂಟರ್'ನಲ್ಲಿ ಊಟ ಒಯ್ಯುವವರು, ಮನೆಯ ಚಿಲ್ಲರೆ ರಿಪೇರಿ ಮಾಡುವವರು, ತರಗತಿ ನಡೆಸುವವರು ಹೆಚ್ಚಾಗಿ ನಿವೃತ್ತರೇ. ಅಲ್ಲಿಯವರೆಗೆ ಕೈಚಾಚುವವರೆಂದೇ ಎಣಿಸಲಾಗಿದ್ದ ಮುದುಕರು ಕೊಡುವವರ ಸಾಲಿಗೆ ಬಂದರು. ಹತ್ತು-ಹನ್ನೆರಡು ವರ್ಷಗಳ ನಂತರ ಲೂಥರನ್ ಪಾದ್ರಿ ಗ್ರೇಂಜರ್ ವೆಸ್ಟ್‌ಬರ್ಗ್ ಷಿಕಾಗೋ ಬಳಿಯ ಆಸ್ಪತ್ರೆಯೊಂದರ ಜೊತೆ ಸೇರಿ ಚರ್ಚುಗಳಿಗೆ ನರ್ಸುಗಳನ್ನು ನೇಮಿಸಿದರು. ಅವರ ಕೆಲಸ ಸೂಜಿ ಚುಚ್ಚುವುದಲ್ಲ, ಬಿ.ಪಿ. ನೋಡುವುದು, ಔಷಧಿ ಚೀಟಿ ಬಿಡಿಸಿ ಹೇಳುವುದು, ಕೂತು ಮಾತು ಕೇಳುವುದು. ಯಹೂದಿ, ಮುಸ್ಲಿಂ ಸಮುದಾಯಗಳಿಗೂ ಒಗ್ಗುವಂತೆ, ಚರ್ಚಿನ ನಂಟು ಹೇಳುತ್ತಿದ್ದ ಈ ಸೇವೆಯ ಹೆಸರನ್ನು ಮುಂದೆ ಬದಲಾಯಿಸಲಾಯಿತು.

1990ರ ದಶಕದಲ್ಲಿ ಆಧ್ಯಾತ್ಮಿಕ ಅಗತ್ಯಗಳಿಗೂ ಅಳತೆಗೋಲು ಬಂತು. ಕ್ರಿಸ್ಟಿನಾ ಪುಚಾಲ್ಸ್ಕಿ ಎಂಬ ವೈದ್ಯೆ, ರೋಗಿಯ ನಂಬಿಕೆ ಏನು, ಅದಕ್ಕೆಷ್ಟು ಮಹತ್ವ, ಜೊತೆಗೆ ಯಾವ ಸಮುದಾಯವಿದೆ, ವೈದ್ಯರು ಅದನ್ನು ಹೇಗೆ ಗಮನಿಸಬೇಕು ಎಂಬ ಪುಟ್ಟ ಪ್ರಶ್ನಾವಳಿ ರೂಪಿಸಿದರು. ಪುರುಸೊತ್ತಿಲ್ಲದ ವೈದ್ಯರಿಗೆ ಉಪಕಾರವೇ. ಆದರೆ ಫಾರಂ ತುಂಬಿದ ಕೂಡಲೇ ಕೆಲಸ ಮುಗಿಯಿತೆಂದುಕೊಳ್ಳುವ ಅಪಾಯವೂ ಇದೆ. ನಮ್ಮ ಅಜ್ಜಿಯರನ್ನು 'ಆಧ್ಯಾತ್ಮಿಕ ಅಗತ್ಯಗಳೇನು' ಎಂದು ಕೇಳಿದರೆ ಮುಖ ನೋಡಿಯಾರು. ಸುಮ್ಮನೆ ಹತ್ತಿರ ಕೂತರೆ, "ಗುಡಿಗೆ ಹೋಗಿ ಎಷ್ಟು ದಿನ ಆಯ್ತೋ ಏನೋ, ಮೆಟ್ಟಿಲು ಹತ್ತೋಕಾಗಲ್ಲ ಕಣಪ್ಪಾ" ಎನ್ನುತ್ತಾರೆ.

2011ರ ಜನಗಣತಿಯಲ್ಲಿ ಕರ್ನಾಟಕದ ಶೇ. 9.5ರಷ್ಟು ಜನ ಅರವತ್ತು ದಾಟಿದವರು. ಅನ್ನದಾನ, ಭಜನಾ ಮಂಡಳಿ, ಮಠಗಳ ದಾಸೋಹ, ಉರುಸು, ಪ್ಯಾರಿಷ್ ಸಭೆ, ಯಾವುದಕ್ಕೂ ನಮ್ಮಲ್ಲಿ ಕೊರತೆಯಿಲ್ಲ. ಎಲ್ಲವೂ ನಡೆದು ಬರಬಲ್ಲವರಿಗಾಗಿ ಏರ್ಪಟ್ಟವು ಎಂಬುದೇ ತೊಡಕು. ಪಕ್ಕದ ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನಲ್ಲಿ ಶುರುವಾದ ಉಪಶಾಮಕ ಆರೈಕೆಯ, ಅಂದರೆ ರೋಗಿಗಳ ನೋವು ತಗ್ಗಿಸುವ ಕೆಲಸ, ನೆರೆಹೊರೆಯ ಸ್ವಯಂಸೇವಕರನ್ನು ಹಾಸಿಗೆ ಹಿಡಿದವರ ಮನೆಗೇ ಕಳಿಸುವ ವ್ಯವಸ್ಥೆಯಾಗಿ ಬೆಳೆದು, 2008ರಲ್ಲಿ ಸರ್ಕಾರದ ನೀತಿಯೂ ಆಯಿತು. ಅದು ಯಾವ ಒಂದು ಧರ್ಮದ್ದೂ ಅಲ್ಲ. ಆದರೂ ನಮ್ಮ ಭಜನಾ ಮಂಡಳಿಗಳು ಅದರಿಂದ ಕಲಿಯಬಹುದು: ಶನಿವಾರದ ಭಜನೆಗೆ ತಪ್ಪದೆ ಬರುತ್ತಿದ್ದವರು ನಾಲ್ಕು ವಾರ ಕಾಣದಿದ್ದರೆ ಅವರ ಮನೆಗೆ ಹೋಗಿ ವಿಚಾರಿಸುವ ಹೊಣೆ ಯಾರದೆಂದು ಮೊದಲೇ ಗೊತ್ತುಮಾಡಿಕೊಳ್ಳಬಹುದು, ಹಾರ್ಮೋನಿಯಂ ಅನ್ನು ತಿಂಗಳಿಗೊಮ್ಮೆ ಅವರ ಪಡಸಾಲೆಗೇ ಒಯ್ಯಬಹುದು.