ತೇಗದ ಕ್ಯಾಮೆರಾಗೆ ಈಗ ಎಷ್ಟು?

ದೆಹಲಿ ಮೆಟ್ರೋದ ಹಳದಿ ಮಾರ್ಗದಲ್ಲಿ ಚಾಂದನಿ ಚೌಕಕ್ಕೆ ಇಳಿದರೆ ಕೂಚಾ ಚೌಧರಿಯ ಫೋಟೊ ಮಾರುಕಟ್ಟೆ ಸಿಗುತ್ತದೆ. ಅಲ್ಲಿ ಹಳೆಯ ದೊಡ್ಡ ಕ್ಯಾಮೆರಾ ಅಂದರೆ ಕೆಲಸದ ಸಲಕರಣೆ. ಕೆಲಸ ಮಾಡದಿದ್ದರೆ ಬೆಲೆ ಇಲ್ಲ. ಅದೇ ಮಾರ್ಗದಲ್ಲಿ ಹೌಜ್ ಖಾಸ್‌ಗೆ ಬಂದು ಹಳ್ಳಿಯ ಗಲ್ಲಿ ಹೊಕ್ಕರೆ ಲೆಕ್ಕವೇ ಬೇರೆ. ಹಳೆಯ ಸಿನಿಮಾ ಪೋಸ್ಟರುಗಳ ಪಕ್ಕದಲ್ಲಿ ನಿಂತ ಮರದ ಕ್ಯಾಮೆರಾ ಚಿತ್ರ ತೆಗೆಯುತ್ತದೆಯೇ ಎಂದು ಇಲ್ಲಿ ಯಾರೂ ಕೇಳುವುದಿಲ್ಲ.

ಮೊದಲು ಬೆಲೆ ಕಟ್ಟಿದವನು ಸ್ಟುಡಿಯೋ ಮಾಲೀಕ. ಫುಲ್ ಪ್ಲೇಟ್, ಹಾಫ್ ಪ್ಲೇಟ್ ಅಳತೆಗಳ ಕಾಲದಲ್ಲಿ ವಿಲಾಯಿತಿ ಕ್ಯಾಮೆರಾ ಕೊಳ್ಳುವುದೆಂದರೆ ದೊಡ್ಡ ಬಂಡವಾಳ. ಸ್ವಾತಂತ್ರ್ಯಾನಂತರ ಆಮದು ನಿರ್ಬಂಧ ಬಿಗಿಯಾದಾಗ ಸೆಕೆಂಡ್ ಹ್ಯಾಂಡ್ ಮಾಲು ಕೂಡ ಕೈಬಿಡದ ಆಸ್ತಿಯಾಯಿತು. ಆ ಕೊರತೆಯನ್ನು ತುಂಬಿದ್ದು ಕೇರಳದ ಆಲಪ್ಪುಳದ ವಾಗೀಶ್ವರಿ ಕ್ಯಾಮೆರಾ. ಹಾರ್ಮೋನಿಯಂ ರಿಪೇರಿಯ ಮನೆತನದ ಕೆ. ಕರುಣಾಕರನ್ ಮೊದಲು ಕೈಹಾಕಿದ್ದು ಒಂದು ಸ್ಟುಡಿಯೋ ಕ್ಯಾಮೆರಾದ ಹರಿದ ತಿದಿಗೆ. ಆಮೇಲೆ 1940ರ ದಶಕದಲ್ಲಿ ತೇಗ, ಹಿತ್ತಾಳೆಗಳಲ್ಲಿ ಇಡೀ ಕ್ಯಾಮೆರಾವನ್ನೇ ಕಟ್ಟಿದರು. ಆರಂಭದ ಬೆಲೆ 250 ರೂಪಾಯಿ. ದೇಶದ ಎಷ್ಟೋ ಸ್ಟುಡಿಯೋಗಳು ಅದರ ಮೇಲೆ ಬದುಕಿದವು.

ಬಣ್ಣದ ಫಿಲ್ಮು, ಕಲರ್ ಲ್ಯಾಬು, ಆಮೇಲೆ ಡಿಜಿಟಲ್ ಬಂದವು. ಕ್ಯಾಮೆರಾ ಅಟ್ಟ ಸೇರಿತು, ಕೆಲವು ಗುಜರಿಗೆ ಹೋದವು. 2000ದ ದಶಕದಲ್ಲಿ ಜಗತ್ತಿನಾದ್ಯಂತ ಲಿನ್‌ಹಾಫ್, ಸಿನಾರ್‌ನಂಥ ಹೆಸರಾಂತ ದೊಡ್ಡ ಕ್ಯಾಮೆರಾಗಳೇ ಅಗ್ಗವಾದವು. ನಮ್ಮ ಹಾಫ್ ಪ್ಲೇಟ್ ಪೆಟ್ಟಿಗೆಗಳನ್ನು ಕೇಳುವವರು ಯಾರು?

ಕೇಳಿದವರು ಕೆಫೆಗಳವರು, ಹೋಟೆಲಿನವರು. ಇವರಿಗೆ ಬೇಕಾದ್ದು ಮರದ ಹೊಳಪು. ಹೀಗಾಗಿ ಒಂದೇ ಕ್ಯಾಮೆರಾ ಎರಡಾಗಿ ಮಾರಾಟವಾಗುತ್ತದೆ. ಹಿತ್ತಾಳೆಯ ಪೆಟ್ಜ್‌ವಾಲ್ ಲೆನ್ಸ್ ಸಂಗ್ರಾಹಕರಿಗೆ, ಲೆನ್ಸ್ ಕಳಚಿದ ಒಡಲು ಒಳಾಂಗಣದವರಿಗೆ. ಇದು ನನಗೆ ಸ್ವಲ್ಪ ಕಟುಕತನವಾಗಿಯೇ ಕಾಣುತ್ತದೆ. ಜೊತೆಗೆ ಹೊಸದಾಗಿ ಮಾಡಿ ಹಳೆಯ ಬಣ್ಣ ಬಳಿದ ನಕಲುಗಳೂ ಇವೆ. ತಿದಿ ಪೂರ್ತಿ ಬಿಚ್ಚಿಕೊಳ್ಳದಿದ್ದರೆ, ಹಿಂದೆ ಮಸುಕು ಗಾಜಿನ ಬದಲು ಹಲಗೆ ಇದ್ದರೆ, ಅದು ಬರೀ ಬೊಂಬೆ.

ಈಗಿನ ಮೂರನೆಯ ಗಿರಾಕಿ ಫಿಲ್ಮಿಗೆ ಮರಳಿದ ಯುವಕ. 2014ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಹುಟ್ಟಿದ ಇಂಟ್ರೆಪಿಡ್ ಕಂಪನಿ ಪ್ಲೈವುಡ್‌ನಲ್ಲಿ ಹೊಸ 4×5 ಇಂಚಿನ ಫಿಲ್ಮಿನ ಕ್ಯಾಮೆರಾ ಮಾಡಿ ಕೈಗೆಟಕುವ ದರಕ್ಕೆ ಕೊಟ್ಟಿತು. ಅದರಿಂದ ಹಳೆಯವು ಇಳಿಯಲಿಲ್ಲ; ಈ ಹವ್ಯಾಸಕ್ಕೆ ಜನ ಹೆಚ್ಚಿ ಒಳ್ಳೆಯ 4×5 ಮಾದರಿಗಳು ಏರಿದವು. ಜಪಾನಿನ ಕೊಪಾಲ್ ಶಟರ್ ತಯಾರಿಕೆ ನಿಂತ ಮೇಲಂತೂ ಸರಿಯಾಗಿ ಓಡುವ ಶಟರ್ ಇರುವ ಲೆನ್ಸಿಗೇ ಮರ್ಯಾದೆ. ನಮ್ಮ ಸ್ಟುಡಿಯೋಗಳ ಹಾಫ್ ಪ್ಲೇಟ್‌ಗೆ ಈ ಏರಿಕೆ ಅಷ್ಟಾಗಿ ತಾಗಲಿಲ್ಲ, ಆ ಅಳತೆಯ ಫಿಲ್ಮು ಸಾಮಾನ್ಯ ಅಂಗಡಿಯಲ್ಲಿ ಸಿಗುವುದಿಲ್ಲವಲ್ಲ. ಎಕ್ಸ್-ರೇ ಫಿಲ್ಮು ಕತ್ತರಿಸಿ ತುಂಬುವ ಛಲಗಾರರಿದ್ದಾರೆ. ಅದಕ್ಕೂ ಫಿಲ್ಮು ಹಿಡಿಯುವ, ಕ್ಯಾಮೆರಾದ ಜೊತೆಗೇ ಹುಟ್ಟಿದ ಡಾರ್ಕ್ ಸ್ಲೈಡ್ ಬೇಕು. ಅದು ಕಳೆದಿದ್ದರೆ ಚೌಕಾಸಿ ಧಾರಾಳವಾಗಿ ಮಾಡಬಹುದು.

ವಿದೇಶಿ ಹರಾಜಿನ ಸುದ್ದಿ ಓದಿ ಅಟ್ಟ ಹುಡುಕುವವರಿಗೊಂದು ಮಾತು. 2010ರಲ್ಲಿ ವಿಯೆನ್ನಾದಲ್ಲಿ 7,32,000 ಯೂರೋಗೆ ಹೋದದ್ದು 1839ರ ಝಿರೂ ಕ್ಯಾಮೆರಾ, ಅದರ ಮೇಲೆ ಛಾಯಾಗ್ರಹಣದ ಆದ್ಯರಲ್ಲೊಬ್ಬನಾದ ಡಾಗೇರ್‌ನ ಸಹಿಯಿತ್ತು. ನಮ್ಮಲ್ಲಿ ನೂರು ವರ್ಷ ದಾಟಿದ ಕ್ಯಾಮೆರಾ 1972ರ ಕಾಯ್ದೆಯಡಿ ಪ್ರಾಚ್ಯವಸ್ತು ಎನಿಸಬಹುದು; ಹಾಗಾದರೆ ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಅಂಥದ್ದು ಮಾರಲು ಸಿಗುವ ಪೇಟೆ ಚಾಂದನಿ ಚೌಕ, ಹೌಜ್ ಖಾಸ್, ಇಲ್ಲವೇ ನಮ್ಮ ಬೆಂಗಳೂರಿನ ಸಂಡೆ ಬಜಾರ್.