ಅಪರೂಪದ ಟ್ಯಾಂಕುಗಳ ಪುಟ್ಟ ಮಾದರಿಗಳು

ಯುದ್ಧ ಟ್ಯಾಂಕುಗಳ ಪ್ಲಾಸ್ಟಿಕ್ ಮಾದರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ 1:35 ಅಳತೆ ರೂಢಿಗೆ ಬಂದದ್ದು ಆಕಸ್ಮಿಕವಾಗಿ. ಜಪಾನಿನ ಶಿಜುವೋಕಾದ ತಮಿಯಾ ಕಂಪನಿ ಮೊದಲು ಮರದ ವ್ಯಾಪಾರ ಮಾಡುತ್ತಿತ್ತು. 1961ರಲ್ಲಿ ಅದು ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿಗೆ ಕೈಹಾಕಿದಾಗ ಒಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕಿತ್ತು. ಆ ಲೆಕ್ಕದಲ್ಲಿ ಸಿದ್ಧವಾದ ಗಾತ್ರ ಅಸಲಿನ ಸುಮಾರು ಮೂವತ್ತೈದನೇ ಒಂದು ಪಾಲಾಯಿತು. ಮುಂದೆ ಬೇರೆ ಕಂಪನಿಗಳೂ ಅದನ್ನೇ ಅನುಸರಿಸಿದವು.

ಹೆಸರಾದ ಟ್ಯಾಂಕುಗಳ ನಂತರ ವಿಚಿತ್ರ ವಾಹನಗಳ ಸರದಿ ಬಂತು. ಅವುಗಳಲ್ಲಿ ಪೋರ್ಷೆ ವಿನ್ಯಾಸದ ಜರ್ಮನ್ ಟ್ಯಾಂಕು ಮೌಸ್ ಎಲ್ಲಕ್ಕಿಂತ ಕುತೂಹಲಕಾರಿ. ಇದರ ತೂಕ 188 ಟನ್. ಎಂಜಿನ್ ಜನರೇಟರನ್ನು ತಿರುಗಿಸಿ, ವಿದ್ಯುತ್ ಮೋಟಾರುಗಳು ಚಕ್ರಪಟ್ಟಿಗಳನ್ನು ಓಡಿಸುತ್ತಿದ್ದವು. ಇಷ್ಟು ಭಾರಕ್ಕೆ ಸೇತುವೆಗಳು ತಡೆಯಲಾರವೆಂದು ನದಿಯ ತಳದಲ್ಲೇ ದಾಟಿಸುವ ಯೋಜನೆಯಿತ್ತು. ತಯಾರಾದದ್ದು ಎರಡೇ. ಒಂದರ ಒಡಲಿಗೆ ಇನ್ನೊಂದರ ಗೋಪುರ ಕೂರಿಸಿದ ವಾಹನ ರಷ್ಯಾದ ಕುಬಿಂಕಾ ವಸ್ತುಸಂಗ್ರಹಾಲಯ ಸೇರಿತು. ಡ್ರ್ಯಾಗನ್ ಕಂಪನಿಯ ಕಿಟ್‌ನಿಂದಾಗಿ ಮೌಸ್ ಹವ್ಯಾಸಿಗಳ ಮೇಜಿಗೂ ಬಂತು.

380 ಮಿಲಿಮೀಟರ್ ರಾಕೆಟ್ ಹಾರಿಸುತ್ತಿದ್ದ ಇನ್ನೊಂದು ಜರ್ಮನ್ ವಾಹನ ಸ್ಟರ್ಮ್‌ಟೈಗರ್ ಜೋಡಿಸುವವರ ನಿಜವಾದ ಪರೀಕ್ಷೆ ಅದರ ಮೈಯ ಗೀರುಗಳಲ್ಲಿದೆ. ಕಾಂತದ ಬಾಂಬುಗಳು ಅಂಟದಂತೆ ಜರ್ಮನರು ಉಕ್ಕಿನ ಮೇಲೆ ಜಿಮ್ಮರಿಟ್ ಎಂಬ ಲೇಪ ಬಳಿಯುತ್ತಿದ್ದರು. ಆ ಲೇಪದ ಗೀರುಗಳನ್ನು ಮೂಡಿಸಲು ಹವ್ಯಾಸಿಗಳು ಪುಟ್ಟಿಯನ್ನು ತೆಳುವಾಗಿ ಹಚ್ಚಿ, ಅದು ಗಟ್ಟಿಯಾಗುವ ಮೊದಲೇ ಗರಗಸದ ಸಣ್ಣ ಅಲಗಿನಿಂದ ಸಾಲುಸಾಲಾಗಿ ಒತ್ತುತ್ತಾರೆ. ತಾಳ್ಮೆ ಬೇಡುವ ಈ ಕೆಲಸ ಕುಶಲಕಲೆಯೇ ಸರಿ. ಅಸಲಿ ಸ್ಟರ್ಮ್‌ಟೈಗರ್‌ಗಳು ತಯಾರಾದದ್ದು ಇಪ್ಪತ್ತಕ್ಕೂ ಕಡಿಮೆ. ಈಗ ಉಳಿದಿರುವುದು ಎರಡು, ಜರ್ಮನಿಯಲ್ಲೊಂದು, ರಷ್ಯಾದಲ್ಲೊಂದು.