ಬಟಾಣಿ ಚಿತ್ರದ ಹೆಸರು

ಮುಂಬಯಿಯ ಹ್ಯಾಂಗಿಂಗ್ ಗಾರ್ಡನ್ಸ್‌ನಲ್ಲಿ ನಡೆದ ಕುಸ್ತಿಯನ್ನು 1899ರಲ್ಲಿ ಹರಿಶ್ಚಂದ್ರ ಭಾಟವಡೇಕರ್ ಚಿತ್ರೀಕರಿಸಿದರು. ಕಂಡದ್ದೇ ಆ ಕಿರುಚಿತ್ರದ ಹೆಸರಾಯಿತು: ‘ದಿ ರೆಸ್ಲರ್ಸ್’.

1912ರಲ್ಲಿ ದಾದಾಸಾಹೇಬ ಫಾಲ್ಕೆಯವರು ಕುಂಡದಲ್ಲಿ ಬಟಾಣಿ ಮೊಳೆತು ಬೆಳೆಯುವುದನ್ನು ಸೆರೆಹಿಡಿದು ‘ಅಂಕುರಾಚಿ ವಾಢ್’ ಎಂದರು. ‘ಮೊಳಕೆಯ ಬೆಳವಣಿಗೆ’ ಎಂಬ, ಪಾಠಪುಸ್ತಕದ ಅಧ್ಯಾಯದಂಥ ಹೆಸರು! ಅದನ್ನು ತೋರಿಸಿದ್ದು ಕಥಾಚಿತ್ರಕ್ಕೆ ಹಣ ಹೊಂದಿಸಲು. ನೋಡಿದವರು ನಂಬಬೇಕಾಗಿದ್ದುದು ಅವರ ಕೈಚಳಕವನ್ನು.

ಮರುವರ್ಷ ತೆರೆಕಂಡ ಆ ಕಥಾಚಿತ್ರದ ಲೆಕ್ಕವೇ ಬೇರೆ. ‘ರಾಜಾ ಹರಿಶ್ಚಂದ್ರ’ ಎಂಬುದು ಕಿವಿಗೆ ಬಿದ್ದೊಡನೆ ಅಕ್ಷರ ಬಾರದವನಿಗೂ ಕತೆ ಹೊಳೆಯುತ್ತಿತ್ತು. ರಾಘವಾಂಕನ ಕಾವ್ಯ ಕೇಳಿ ಬೆಳೆದ ಕನ್ನಡಿಗನಿಗಂತೂ ಅದು ಮನೆಮಾತು.

ಆದರೂ ನನಗೆ ಪ್ರಿಯವಾದುದು ಬಟಾಣಿ ಚಿತ್ರದ ಹೆಸರೇ. ಏನನ್ನೂ ಮುಚ್ಚಿಡದ ಆ ಎರಡು ಪದಗಳು, ಹಣ ಕೇಳಲು ಹೊರಟವನ ಆಸೆಯನ್ನೂ ಹೇಳಿಬಿಡುತ್ತವೆ.